ಹತ್ತರ ಮೇಲೊಂದು ಕೊಸರು

ನನ್ನ ಬಾಯಿ ಜೋರು ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ಸೊಸೆಯಂದಿರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಇದೇ ಬಾಯಿ ಒಂದು ಕಾಲದಲ್ಲಿ ಮಳೆಗಾಲ ಕಳೆದು, ಚಳಿ ಕಳೆದು, ಮಾವಿನ ಮರ ಹೂಬಿಡುವವರೆಗೂ ಮುಚ್ಚಿಕೊಂಡೇ ಇತ್ತು ಎಂದರೆ ಅವರು ಮುಸಿಮುಸಿ ನಗುತ್ತಾರೆ. "ಆ ಬೀಗ ಎಲ್ಲಿ ಸಿಗ್ತದೆ ಅತ್ತೆ? ನಮಗೂ ಒಂದು ಬೇಕಿತ್ತು" ಎಂದು ದೊಡ್ಡವಳು ಒಮ್ಮೆ ಕೇಳಿಯೇಬಿಟ್ಟಳು. ನಗಲಿ, ನಗುವ ವಯಸ್ಸು. ಆ ಬೀಗದ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಹೇಳಬೇಕೆನಿಸಿದೆ.

ಇದು ಮೂವತ್ತರ ದಶಕದ ಮಾತು. ಸಿದ್ದಾಪುರದ ಕಡೆ ಕರನಿರಾಕರಣೆಯ ಗಲಾಟೆ ತಣ್ಣಗಾದ ಮೇಲೆ ನನ್ನ ಮದುವೆಯಾಯಿತು. ತವರು ಸಿದ್ದಾಪುರ. ಅಪ್ಪನದು ಹೊಲಿಗೆ ಕೆಲಸ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ದೇವರ ಪಟದ ಮುಂದೆ ಕೂತು ಜಪಮಾಲೆ ಹೇಳುವುದು ಪದ್ಧತಿ. ಅದಕ್ಕೆ ನಾವು 'ತೇರ್ಸು' ಎನ್ನುತ್ತೇವೆ. ಹತ್ತು ಹತ್ತು ಮಣಿಯ ಐದು ಪಾಲು. ಒಂದೊಂದು ಪಾಲನ್ನು ಒಬ್ಬೊಬ್ಬರು ನಡೆಸಬೇಕು. ಒಂದೊಂದು ಮಣಿಗೂ ನಡೆಸುವವರು 'ನಮಾನ್ ಮರಿಯೆ' ಎಂದು ಮರಿಯಮ್ಮನ ಅರ್ಧ ಪ್ರಾರ್ಥನೆ ಹೇಳಿ ನಿಲ್ಲಿಸಿದರೆ ಉಳಿದವರೆಲ್ಲ ಒಟ್ಟಾಗಿ ಇನ್ನರ್ಧ ಹೇಳಿ ಮುಗಿಸಬೇಕು. ಅಪ್ಪನಿಗೆ ಲೆಕ್ಕವೆಂದರೆ ಲೆಕ್ಕ. ಒಂಬತ್ತಕ್ಕೆ ನಿಲ್ಲಿಸಿದರೂ ತಪ್ಪು, ಹನ್ನೊಂದಾದರೂ ತಪ್ಪು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಂಡ ಅಂಗುಸ್ತಾನವನ್ನು ಅವನು ತೇರ್ಸಿನ ಹೊತ್ತಿಗೂ ತೆಗೆಯುತ್ತಿರಲಿಲ್ಲ. ಎಣಿಕೆ ತಪ್ಪಿದವರ ತಲೆಯ ಮೇಲೆ ಅದು ಟಕ್ಕೆಂದು ಬೀಳುತ್ತಿತ್ತು. ಹೀಗಾಗಿ ನನಗೆ ದೇವರ ಭಯಕ್ಕಿಂತ ಮೊದಲು ಹತ್ತರ ಭಯ ಬಂದಿತ್ತು.

ಗಂಡನ ಮನೆ ಶಿರಸಿ. ಇವರು ಬಡಗಿ. ಆಗ ಶಿರಸಿಯಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು; ಎಲ್ಲ ಒಂದೇ ಓಣಿಯಲ್ಲಿ. ಮನೆಯೊಳಗೆ ಕೊಂಕಣಿ, ಅಂಗಳಕ್ಕಿಳಿದರೆ ಕನ್ನಡ, ಎರಡೂ ಕಲಸಿಹೋಗಿ ಯಾವುದು ಎಲ್ಲಿ ಮುಗಿಯಿತೆಂದು ನಮಗೇ ತಿಳಿಯುತ್ತಿರಲಿಲ್ಲ. ನಮ್ಮ ಪಕ್ಕದ ಮನೆ ಸಾಹೇಬರದು. ಅವರು ಯಲ್ಲಾಪುರಕ್ಕೆ ಮೋಟಾರು ಓಡಿಸುತ್ತಿದ್ದರು. ಅವರ ಹೆಂಡತಿ ಬೂಬಮ್ಮ ಹಾವೇರಿ ಕಡೆಯವಳು, ಮಾತೂ ಅಲ್ಲಿಯದೇ. ಬೆಳಿಗ್ಗೆ ಸಾಹೇಬರು ಮೋಟಾರಿನ ಮುಂದೆ ನಿಂತು ಕಬ್ಬಿಣದ ಹಿಡಿ ತಿರುಗಿಸುವ ಸದ್ದು, ನಮ್ಮ ಜಗುಲಿಯಲ್ಲಿ ಇವರು ಹಲಗೆಗೆ ಉಜ್ಜುಗೊರಡು ಹಾಕುವ ಸದ್ದು, ಸಾಗವಾನಿ ಹೊಟ್ಟಿನ ವಾಸನೆ. ಇವತ್ತಿಗೂ ಎಲ್ಲಾದರೂ ಹಸಿ ಹೊಟ್ಟಿನ ವಾಸನೆ ಬಂದರೆ ನಾನು ನಡೆಯುವುದನ್ನು ಬಿಟ್ಟು ನಿಂತುಬಿಡುತ್ತೇನೆ. ಆ ಓಣಿ ಈಗ ಇಲ್ಲ. ನನ್ನೊಳಗೆ ಮಾತ್ರ ಇದ್ದ ಹಾಗೇ ಇದೆ.

ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ವಿಧವೆ, ಮಕ್ಕಳಿಲ್ಲ. ಎಲ್ಲರೂ ಅವಳನ್ನು 'ಮಾಯಿ' ಎಂದೇ ಕರೆಯುವುದು. ಕುಮಟೆಯಿಂದ ಗಾಡಿಯಲ್ಲಿ ಬರುವ ಒಣಮೀನು ತರಿಸಿ ಮಂಗಳವಾರದ ಸಂತೆಯಲ್ಲಿ ಕೂತು ಮಾರುವುದು ಅವಳ ಕಸುಬು. ಅವಳು ಬರುತ್ತಿರುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಸಂತೆಯಲ್ಲಿ ಅವಳು ಬಂಗಡೆ ಎಣಿಸುವುದನ್ನು ನೋಡಬೇಕು. ಒಂದು ಕೈಯಲ್ಲಿ ಎರಡೆರಡು ಹಿಡಿದು ಎಸೆಯುತ್ತ, ಬಾಯಲ್ಲಿ ಗಿರಾಕಿಯ ಮನೆಯ ಬಾಣಂತಿ, ಎಮ್ಮೆ, ಸೊಸೆ ಎಲ್ಲರನ್ನೂ ವಿಚಾರಿಸುತ್ತ, ಒಮ್ಮೆಯೂ ಕೆಳಗೆ ನೋಡದೆ ನೂರು ಮುಗಿಸುತ್ತಿದ್ದಳು. ಪ್ರತಿ ಹತ್ತಕ್ಕೂ ಒಂದು ಮೀನನ್ನು ಮೇಲಿಂದ ಹಾಕುತ್ತಿದ್ದಳು. ಅದು ಕೊಸರು. ಕೊಸರು ಹಾಕದ ವ್ಯಾಪಾರಿಯ ಕೈಯಲ್ಲಿ ಏಳಿಗೆ ಇಲ್ಲ ಎಂದು ಅವಳ ನಂಬಿಕೆ.

ಮದುವೆಯಾದ ಮರುವರ್ಷ ನನಗೆ ಗಂಡುಮಗು ಹುಟ್ಟಿತು. ಅಂಬೆಗಾಲಿಟ್ಟು ಹೊಟ್ಟಿನ ರಾಶಿಯಲ್ಲಿ ಹೊರಳಾಡಿ ಮೂಗು ಮುಖವೆಲ್ಲ ಕೆಂಪಗೆ ಮಾಡಿಕೊಳ್ಳುವ ಮಗು. ನಮ್ಮ ಕಡೆಯ ಚಳಿಜ್ವರ ಆಗ ಯಾರ ಮನೆಯನ್ನೂ ಬಿಡುತ್ತಿರಲಿಲ್ಲ. ನಮ್ಮ ಮನೆಗೂ ಬಂತು. ಮಗು ಉಳಿಯಲಿಲ್ಲ. ಪೆಟ್ಟಿಗೆಯನ್ನು ಇವರೇ ಮಾಡಿದರು. ಬೇರೆ ಬಡಗಿ ಬರುತ್ತೇನೆಂದರೂ ಬಿಡಲಿಲ್ಲ. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದರು. ಒಳಗೆ ಮಲಗುವವನಿಗೆ ಚುಚ್ಚಬಾರದಲ್ಲ.

ಆಗ ನಾನು ಚೆನ್ನಾಗಿ ಅತ್ತೆ. ಅತ್ತು ಎದ್ದೆ, ಗಂಜಿ ಬೇಯಿಸಿದೆ, ಜಗಳವಾಡಿದೆ. ಮುಂದಿನ ಮಳೆಗಾಲದ ಆರಂಭಕ್ಕೆ ಹೆಣ್ಣುಮಗು ಹುಟ್ಟಿತು. ನಿಜವಾದ ಕತ್ತಲೆ ಬಂದದ್ದು ಆಗ, ಎಲ್ಲರೂ ಇನ್ನೇನು ಸರಿಹೋಯಿತು ಎನ್ನುವಾಗ. ಅದು ದುಃಖವಾಗಿದ್ದರೆ ಅಳು ಬರುತ್ತಿತ್ತು. ನನಗೆ ಅಳುವೂ ಬರಲಿಲ್ಲ. ಮಗುವನ್ನು ಮಡಿಲಿಗೆ ಕೊಟ್ಟರೆ ಯಾರದೋ ಮನೆಯ ಗಂಟು ಇಟ್ಟ ಹಾಗಾಗುತ್ತಿತ್ತು. ಇದೂ ಹೋಗುತ್ತದೆ, ಹೋಗುವುದನ್ನು ಏಕೆ ಮುಟ್ಟಬೇಕು ಎಂದು ಒಳಗೆ ಒಂದು ದನಿ. ಒಲೆಯ ಮೇಲೆ ಅನ್ನ ಉಕ್ಕಿ ಬೆಂಕಿ ಆರಿದರೂ ನೋಡುತ್ತ ಕೂತಿರುತ್ತಿದ್ದೆ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತವಳು ಕೂತೇ ಇದ್ದೆ. ಗೋಡೆಯ ಸುಣ್ಣದ ಮೇಲೆ ನನ್ನ ತಲೆಯ ಎಣ್ಣೆಯ ಕಲೆ ಕೂತಿತ್ತು. ಅದನ್ನು ಆಮೇಲೆ ನಾನೇ ಮೂರು ಸಲ ಸುಣ್ಣ ಬಳಿದು ಅಳಿಸಿದೆ.

ಜನ ಸುಮ್ಮನಿರುತ್ತಾರೆಯೇ? ಗಾಳಿ ಸೋಕಿದೆ ಎಂದರು ಕೆಲವರು. ದೃಷ್ಟಿ ಎಂದರು ಕೆಲವರು. ಬೂಬಮ್ಮ ದರ್ಗಾದಿಂದ ದಾರ ತಂದು ನನ್ನ ತೋಳಿಗೆ ಕಟ್ಟಿ, "ತಂಗೀ, ಎರಡು ತುತ್ತರ ತಿನ್ನು, ಬ್ಯಾಡ ಅನಬ್ಯಾಡ" ಎಂದು ಎದುರಿಗೆ ಕೂತು ಉಣಿಸುತ್ತಿದ್ದಳು. ಇವರು ಕಾನಸೂರಿನಿಂದ ಪಂಡಿತರನ್ನು ಕರೆತಂದರು. ಅವರು ನಾಡಿ ಹಿಡಿದು ಬಹಳ ಹೊತ್ತು ಕೂತು, "ಆನು ಕಷಾಯ ಕೊಡ್ತೆ, ಅಡ್ಡಿಲ್ಲೆ. ಆದ್ರೆ ಇದು ಕಷಾಯಕ್ಕೆ ಹೋಪ ಕಾಯ್ಲೆ ಅಲ್ಲ. ಒಬ್ಬಳೇ ಬಿಡಡಿ, ಮಾತಾಡ್ಸ್ತಾ ಇರವು" ಎಂದರು. ಧಾರವಾಡಕ್ಕೆ ಕರೆದೊಯ್ದು ಹುಚ್ಚಾಸ್ಪತ್ರೆಗೆ ಸೇರಿಸುವುದೇ ವಾಸಿ ಎಂದು ಓಣಿಯ ಗಂಡಸರು ಜಗುಲಿಯ ಮೇಲೆ ಪಿಸುಗುಟ್ಟುವುದು ನನಗೆ ಕೇಳುತ್ತಿತ್ತು. ಬಾಯಿ ಮುಚ್ಚಿತ್ತೇ ಹೊರತು ಕಿವಿಯಲ್ಲ. ಇವರು ಹಲಗೆಗೆ ಉಜ್ಜುಗೊರಡು ಹಾಕುತ್ತಲೇ ಇದ್ದರು.

ಆಗ ಬಂದವಳು ನನ್ನ ಅತ್ತಿಗೆ, ಇವರ ಅಕ್ಕ. ಯಲ್ಲಾಪುರದ ಆಚೆ ಇಡಗುಂದಿಯಲ್ಲಿ ಅವಳ ಮನೆ. ಅವಳ ಗಂಡ ಕಾಡಿನಲ್ಲಿ ಮರ ಕೊಯ್ಯುವ ಕೆಲಸದವನು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಬಂದವಳೇ ಮಗುವನ್ನು ನೋಡಿದಳು. ತೊಡೆಯ ಸಂದಿಯಲ್ಲೆಲ್ಲ ಹುಣ್ಣು. ಎಣ್ಣೆ ಕಾಯಿಸಿ ಹಚ್ಚಿ, ಮೀಯಿಸಿ, ತನ್ನ ಹಳೆಯ ಸೀರೆಯಲ್ಲಿ ಸುತ್ತಿಕೊಂಡಳು. ಹೊರಡುವ ದಿನ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದಳು: "ಕೂಸನ್ನ ತಕೊಂಡು ಹೋಗ್ತೆ ಮಾರಾಯ್ತಿ. ನೀ ಸರಿ ಆದ್ಮೇಲೆ ಬಾ, ನಿನ್ನ ಕೂಸು ನಿಂಗೆ. ಸರಿ ಆಗ್ಲಿಲ್ಲ ಅಂದ್ರೆ ಅದು ನಂಗೇ ಇರ್ಲಿ. ಯಾರಾದ್ರೂ ಒಬ್ರು ಅದಕ್ಕೆ ಅಬ್ಬೆ ಆಗ್ಬೇಕಲ್ಲೆ." ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ಕೆಟ್ಟದ್ದೂ ಇರಲಿಲ್ಲ. ನಾನು ತಲೆಯೆತ್ತಿ ನೋಡಲಿಲ್ಲ. ಮೋಟಾರು ಹೊರಟ ಸದ್ದು ಕೇಳಿತು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿ ನೋಯುತ್ತಿತ್ತು, ಮನಸ್ಸು ಮಾತ್ರ ಏನೂ ನೋಯಲಿಲ್ಲ. ಅದು ನೋವಿಗಿಂತ ಭಯಂಕರ.

ಅತ್ತಿಗೆ ಮಗುವನ್ನು ಒಯ್ದ ಸಂಜೆ ಮಾಯಿ ಕೈಯಲ್ಲಿ ಚಿಮಣಿ ದೀಪ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹಿಂದೆ ಓಣಿಯ ಉಳಿದ ಹೆಂಗಸರು. "ಇನ್ಮೇಲೆ ಎಲ್ರ ತೇರ್ಸೂ ಇಲ್ಲೇ" ಎಂದು ಸಾರಿದಳು, ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ದೇವರ ಪಟ ಇರುವುದು ಹೊರಗಿನ ಕೋಣೆಯಲ್ಲಿ. ನಾನು ಅಲ್ಲಿಗೆ ಬರುವುದಿಲ್ಲವೆಂದು ತಿಳಿದು ಪಟವನ್ನೇ ಇಳಿಸಿ ಅಡುಗೆಮನೆಗೆ ತಂದು ಉಪ್ಪಿನ ಮರಿಗೆಯ ಮೇಲೆ ಇಟ್ಟಳು. ಎಲ್ಲರೂ ಹೊಗೆಯಲ್ಲಿ ಕೆಮ್ಮುತ್ತ ಒತ್ತೊತ್ತಾಗಿ ಕೂತರು. ಮೂರು ಪಾಲು ಮುಗಿಯಿತು. ನಾಲ್ಕನೆಯದು ಬಂದಾಗ ಇವರು ಗಂಟಲು ಸರಿಮಾಡಿಕೊಂಡರು. ಮಾಯಿ ಅವರ ಮೊಣಕಾಲಿಗೆ ತಟ್ಟಿ, "ನೀ ಸುಮ್ನಿರು. ಅದು ಅವಳ ಪಾಲು" ಎಂದಳು.

ಎಲ್ಲರೂ ಕಾದರು. ನಾನು ಹೇಳುತ್ತೇನೆಂದೇ ಕಾದರು. ಮುಂದಿನ ಅರ್ಧ ಅವರ ಬಾಯಲ್ಲಿ ಸಿದ್ಧವಿತ್ತು, ಆದರೆ ಮೊದಲ ಅರ್ಧ ಬಾರದೆ ಅದನ್ನು ಹೇಳುವಂತಿಲ್ಲ. ಒಲೆಯ ಕೆಂಡ ಚಟಪಟ ಎಂದಿತು. ಯಾರದೋ ಕಾಲು ಜೋಮು ಹಿಡಿದು ಸರಿದ ಸದ್ದಾಯಿತು. ಕೊನೆಗೆ ಮಾಯಿಯೇ ನನ್ನ ಪಾಲನ್ನು ಹೇಳಿ ಮುಗಿಸಿದಳು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ನನ್ನ ಪಾಲು ಬಂದಾಗ ಕಾಯುವುದು, ನಾನು ಹೇಳದಿದ್ದರೆ ಮಾಯಿ ಹೇಳುವುದು. ಸಂಜೆಯಾದರೆ ನನಗೆ ಸಿಟ್ಟು ಬರುತ್ತಿತ್ತು. ಇವರಿಗೆಲ್ಲ ಮನೆಮಠ ಇಲ್ಲವೇ, ಗಂಡಂದಿರಿಗೆ ಬಡಿಸುವುದಿಲ್ಲವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಈಗ ಯೋಚಿಸಿದರೆ ಅಷ್ಟು ದಿನಗಳಲ್ಲಿ ನನ್ನೊಳಗೆ ಹುಟ್ಟಿದ ಮೊದಲ ಬಿಸಿ ಆ ಸಿಟ್ಟೇ.

ಪಾದ್ರಿಗಳು ದೇವಿಮನೆ ಘಟ್ಟ ಹತ್ತಿ ಯಾವಾಗಲೋ ಒಮ್ಮೆ ಬರುತ್ತಿದ್ದರು. ಕ್ರಿಸ್ಮಸ್ಸಿನ ಮುಂಚೆ ಬಂದವರು ನಮ್ಮ ಮನೆಗೂ ಬಂದರು. ಇವರು ತಲೆ ತಗ್ಗಿಸಿ, "ಪ್ರಾರ್ಥನೆ ಬಿಟ್ಟುಬಿಟ್ಟಿದ್ದಾಳೆ ಪಾದ್ರಿಗಳೇ, ಅದು ಪಾಪ ಅಲ್ದಾ" ಎಂದು ಕೇಳಿದರು. ನಾನೂ ಒಳಗೆ ಅದನ್ನೇ ನಂಬಿದ್ದೆ. ಮಗ ಹೋದಾಗ ದೇವರನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ, ಅದಕ್ಕೇ ಅವನು ನನ್ನ ಬಾಯಿ ಕಟ್ಟಿದ್ದಾನೆ ಎಂದು. ಪಾದ್ರಿಗಳು ಇವರನ್ನಲ್ಲ, ನನ್ನನ್ನು ನೋಡಿ ಹೇಳಿದರು: "ಕಾಲು ಮುರಿದವನು ಇಗರ್ಜಿಗೆ ನಡ್ಕೊಂಡು ಬರ್ಲಿಲ್ಲ ಅಂದ್ರೆ ಪಾಪವಾ? ಉಳಿದವರು ಅವನನ್ನ ಹೊತ್ಕೊಂಡು ಬರ್ಬೇಕು. ಅಷ್ಟೇ." ನನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು ಹೋದರು. ಅವರ ಬೆರಳು ಒರಟಾಗಿತ್ತು, ತಣ್ಣಗಿತ್ತು. ಆ ರಾತ್ರಿ ನನಗೆ ನಿದ್ದೆ ಬಂತು.

ಮಾವು ಹೂಬಿಟ್ಟ ಕಾಲ. ಒಂದು ಸಂಜೆ ಎಂದಿನಂತೆ ನನ್ನ ಪಾಲು ಬಂತು, ಎಲ್ಲರೂ ಕಾದರು, ಮಾಯಿ ಶುರುಮಾಡಿದಳು. ಅವಳ ಜಪಮಾಲೆ ಸೆರಗಿನೊಳಗೆ, ಕಣ್ಣು ಮುಚ್ಚಿತ್ತು. ನಾನು ಬಾಯಿ ತೆರೆಯದಿದ್ದರೂ ಅಪ್ಪನ ಅಂಗುಸ್ತಾನ ಬಿಡುತ್ತದೆಯೇ, ಬೆರಳು ತಾನಾಗಿ ಎಣಿಸುತ್ತಿತ್ತು. ಎಂಟು, ಒಂಬತ್ತು, ಹತ್ತು. ಇನ್ನು ನಿಲ್ಲಿಸಬೇಕು. ಮಾಯಿ ನಿಲ್ಲಿಸಲಿಲ್ಲ. ಹನ್ನೊಂದನೆಯದು ಹೇಳಿದಳು. ನಡೆಸುವವರು ಹಿರಿಯರಾದರೆ ಅವರನ್ನು ತಡೆಯುವುದು ನಮ್ಮಲ್ಲಿ ಇಲ್ಲ. ಅವರು ಹೇಳಿದಷ್ಟಕ್ಕೂ ಉತ್ತರ ಕೊಡಬೇಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉತ್ತರ ಕೊಟ್ಟರು. ಹನ್ನೆರಡಾಯಿತು. ಮಾಯಿ ಕಣ್ಣು ಬಿಡಲಿಲ್ಲ. ನನ್ನ ಬೆರಳು ಮುಂದೆ ಹೋಗಲೊಲ್ಲದೆ ಸೀರೆಯ ಅಂಚನ್ನು ಹಿಂಡುತ್ತಿತ್ತು. ಮೈಯೆಲ್ಲ ಬಿಸಿಯಾಯಿತು. ಇಷ್ಟೂ ತಿಳಿಯುವುದಿಲ್ಲವೇ ಈ ಮುದುಕಿಗೆ! ಇನ್ನೂ ಒಂದಾಯಿತು, ಮತ್ತೂ ಒಂದಾಯಿತು.

"ಹತ್ತಾಗಿ ಎಷ್ಟೊತ್ತಾಯ್ತು! ಲೆಕ್ಕ ಬರೂದಿಲ್ವಾ ನಿಂಗೆ?"

ಆ ಕರ್ಕಶ ದನಿ ಯಾರದೆಂದು ನಾನೇ ತಿರುಗಿ ನೋಡಿದೆ. ಕಿಲುಬು ಹಿಡಿದ ಬಾಗಿಲು ತೆರೆದ ಹಾಗಿತ್ತು. ಇವರ ಕೈಯಿಂದ ಜಪಮಾಲೆ ಬಿತ್ತು. ಮಾಯಿ ಕಣ್ಣು ಬಿಟ್ಟು, ಏನೂ ಆಗದವಳ ಹಾಗೆ, "ಹೌದಾ? ಹಂಗಾದ್ರೆ ಮುಂದಿನ ಹತ್ತು ನೀನೇ ಎಣಿಸು" ಎಂದಳು. ಬೈದ ಮೇಲೆ ಮಾಡಿ ತೋರಿಸದಿದ್ದರೆ ಮರ್ಯಾದೆಯೇ? ನಾನು ಶುರುಮಾಡಿದೆ. ಅರ್ಧ ಹೇಳಿ ನಿಲ್ಲಿಸಿದ ಕೂಡಲೆ ಅಷ್ಟೂ ಜನ ಇನ್ನರ್ಧವನ್ನು ಎತ್ತಿಕೊಂಡರು. ಎಷ್ಟು ಜೋರಾಗಿ! ಬೂಬಮ್ಮ ಗೋಡೆಯಾಚೆಯಿಂದ ಓಡಿಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು. ಮೂರನೆಯದಕ್ಕೆ ಅಷ್ಟು ತಿಂಗಳು ಬಾರದಿದ್ದ ಅಳು ಬಂತು, ಮಗನಿಗಾಗಿ, ಮಗಳಿಗಾಗಿ, ಉಕ್ಕಿ ಹೋದ ಅನ್ನಕ್ಕಾಗಿ. ನನ್ನ ಪಾಲಿನ ಉಳಿದದ್ದನ್ನು ಅವರು ಹೊತ್ತು ದಾಟಿಸಿದರು. ಮಾಯಿಯ ಮೀನಿನ ವಾಸನೆಯ ಮಡಿಲಲ್ಲಿ ನನ್ನ ತಲೆಯಿತ್ತು.

ಅಂದೇ ಗುಣವಾದೆ ಎಂದರೆ ಸುಳ್ಳು ಹೇಳಿದ ಹಾಗೆ. ಮರುದಿನ ಮತ್ತೆ ಮೂಲೆ. ಆದರೆ ಆ ಸಂಜೆ ಎರಡು ಮಣಿ, ಇನ್ನೊಂದು ಸಂಜೆ ಐದು, ಮತ್ತೆ ಕೆಲವು ಸಂಜೆ ಒಂದೂ ಇಲ್ಲ. ಹೇಳಲಾಗದ ದಿನ ಯಾರೂ ಮುಖ ಸಣ್ಣ ಮಾಡಲಿಲ್ಲ. ಬೇಸಿಗೆಯಲ್ಲಿ ಮಾಯಿ ನನ್ನನ್ನು ಸಂತೆಗೆ ಎಳೆದುಕೊಂಡು ಹೋದಳು. "ಲೆಕ್ಕ ಬರ್ತದಲ್ಲ ನಿಂಗೆ, ಬಂಗಡೆ ಎಣಿಸು ಬಾ" ಎಂದು ಹಂಗಿಸಿದಳು. ಮೀನು ಎಣಿಸುತ್ತ ಎಣಿಸುತ್ತ ಗಿರಾಕಿಗಳಿಗೆ ಉತ್ತರ ಕೊಡುವುದಾಯಿತು, ಉತ್ತರ ಕೊಡುತ್ತ ಚೌಕಾಸಿಯಾಯಿತು, ಚೌಕಾಸಿಯಿಂದ ಒಂದು ದಿನ ಜಗಳವೂ ಆಯಿತು. ನಾನು ಜಗಳವಾಡಿದೆನೆಂದು ಇವರು ಆ ಸಂಜೆ ಬೆಲ್ಲ ತಂದು ಓಣಿಗೆಲ್ಲ ಹಂಚಿದರು! ಆ ಬೇಸಿಗೆಯ ಮಂಗಳವಾರಗಳು ನನ್ನ ಆಯುಷ್ಯದ ಒಳ್ಳೆಯ ದಿನಗಳು. ಗೋಣಿಚೀಲದ ಮೇಲೆ ಕೂತು, ಕೈಯೆಲ್ಲ ಉಪ್ಪಾಗಿ, ಮಧ್ಯಾಹ್ನ ಮಾಯಿಯ ಬುತ್ತಿಯ ಕುಚ್ಚಲಕ್ಕಿ ಅನ್ನಕ್ಕೆ ಸುಟ್ಟ ಬಂಗಡೆ ನಂಜಿಕೊಂಡು ತಿಂದ ಆ ರುಚಿ ಮತ್ತೆ ಯಾವ ಮದುವೆಯ ಊಟದಲ್ಲೂ ಸಿಗಲಿಲ್ಲ.

ದೇವರ ಜೊತೆಗೂ ಹಾಗೇ ಮೆಲ್ಲಗೆ ಮಾತು ಬಂತು. ಮಗನನ್ನು ಏಕೆ ತೆಗೆದುಕೊಂಡೆ ಎಂಬುದಕ್ಕೆ ಅವನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ. ಆದರೆ ನಾನು ಅರ್ಧದಲ್ಲಿ ನಿಂತಾಗ ಇನ್ನರ್ಧ ಹೇಳಲು ಅಷ್ಟು ಜನರನ್ನು ಆ ಹೊಗೆಯಲ್ಲಿ ತಂದು ಕೂರಿಸಿದವನು ಅವನೇ ಎಂದು ನಂಬಿದ್ದೇನೆ. ಅಷ್ಟು ನಂಬಿಕೆ ನನಗೆ ಸಾಕಾಗಿದೆ.

ಮತ್ತೊಂದು ಮಳೆಗಾಲ ಮುಗಿದು ಘಟ್ಟದ ರಸ್ತೆಗಳು ಒಣಗಿದ ಮೇಲೆ ಒಂದು ಬೆಳಿಗ್ಗೆ ನಾನೇ ಇವರಿಗೆ ಹೇಳಿದೆ, "ಇಡಗುಂದಿಗೆ ಹೋಗುವ." ಸಾಹೇಬರ ಮೋಟಾರಿನಲ್ಲಿ ಬೂಬಮ್ಮ ನಮಗೆ ಮುಂದಿನ ಸೀಟು ಕೊಡಿಸಿದಳು. ಯಲ್ಲಾಪುರದಿಂದ ಆಚೆಗೆ ಎತ್ತಿನ ಗಾಡಿ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅಬ್ಬೆಯೆಂದು ಹೇಳಿಕೊಳ್ಳಲು ನನ್ನಲ್ಲಿ ಏನಿದೆ? ಮಗುವಿನ ಮುಖವೇ ನನಗೆ ಸರಿಯಾಗಿ ನೆನಪಿರಲಿಲ್ಲ.

ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದ ಪುಟ್ಟ ಹೆಣ್ಣುಕೂಸು ನಮ್ಮನ್ನು ಕಂಡು "ಅಮ್ಮಾ" ಎಂದು ಕಿರುಚಿ ಒಳಗೋಡಿ ಅತ್ತಿಗೆಯ ಸೀರೆಯ ಹಿಂದೆ ಅಡಗಿತು. ಅದೇ ನನ್ನ ಮಗಳು. ಕಿವಿಗೆ ಸಣ್ಣ ಓಲೆ, ಎಣ್ಣೆ ಹಾಕಿ ಬಾಚಿದ ಕೂದಲು, ದುಂಡು ಕೆನ್ನೆ. ಅತ್ತಿಗೆ ನಕ್ಕಳು, ಚೊಂಬಿನಲ್ಲಿ ನೀರು ಕೊಟ್ಟಳು, ಆದರೆ ಮಗುವಿನ ತಲೆಯ ಮೇಲಿಟ್ಟ ಇನ್ನೊಂದು ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತು ಬೇರೆ ಬೇರೆ ಮಾತಾಡಿ ಆಮೇಲೆ ಕೇಳಿದಳು, "ಸರಿ ಆಗಿದ್ಯಾ?"

"ಆಗಿದ್ದೆ ಅತ್ತಿಗೆ."

"ನಿಜವಾಗ್ಲೂ?"

ಆಣೆ ಹಾಕಿ ಹೇಳುವಷ್ಟು ಧೈರ್ಯ ಯಾರಿಗಿದೆ? ಅವಳು ಎದ್ದು, "ತೇರ್ಸು ಆಗ್ಲಿ, ಆಮೇಲೆ ನೋಡುವ" ಎಂದು ಒಳಗೆ ಹೋದಳು.

ಸಂಜೆ ದೀಪ ಹಚ್ಚಿದರು. ಅಕ್ಕಪಕ್ಕದ ಇಬ್ಬರು ಹೆಂಗಸರೂ ಬಂದು ಕೂತರು. ಮಗು ಅತ್ತಿಗೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಕೈಮುಗಿದು, ದೊಡ್ಡವರ ಹಾಗೆ ತುಟಿ ಆಡಿಸುತ್ತಿತ್ತು. ಎಷ್ಟು ಚೆಂದ ಕಲಿಸಿದ್ದಳು! ನಮ್ಮಲ್ಲಿ ತೇರ್ಸು ಮುಗಿದ ಕೂಡಲೆ ಮಕ್ಕಳು ಒಬ್ಬೊಬ್ಬ ಹಿರಿಯರ ಮುಂದೂ ನಿಂತು ಕೈಮುಗಿದು ಆಶೀರ್ವಾದ ಕೇಳಬೇಕು. ನನ್ನ ಮುಂದೆಯೂ ಬರುತ್ತದೆ, ಬಂದ ನೆಂಟಳ ಮುಂದೆ ನಿಲ್ಲುವ ಹಾಗೆ ನಿಲ್ಲುತ್ತದೆ, ಆಶೀರ್ವಾದ ಪಡೆದು ಅತ್ತಿಗೆಯ ಪಕ್ಕಕ್ಕೆ ಹೋಗಿ ಮಲಗುತ್ತದೆ. ಅದೆಲ್ಲ ನನಗೆ ಕೂತಲ್ಲೇ ಮುಂಚಿತವಾಗಿ ಕಾಣುತ್ತಿತ್ತು.

ಮೂರು ಪಾಲು ಮುಗಿದವು. ಅತ್ತಿಗೆ ನನ್ನ ಕಡೆ ತಿರುಗಿ, "ನಾಲ್ಕನೇದು ನಿಂದು" ಎಂದಳು. ತಮ್ಮನ ಬಾಯಿಂದ ಎಲ್ಲ ತಿಳಿದಿದ್ದಳು. ಪರೀಕ್ಷೆಯೋ ಕರುಣೆಯೋ, ನಾನು ಶುರುಮಾಡಿದೆ. ಹೊಸ ದನಿ ಕೇಳಿ ಮಗು ತುಟಿ ಆಡಿಸುವುದನ್ನು ನಿಲ್ಲಿಸಿತು. ಎದ್ದು ಬಂದು ನನ್ನ ಬಾಯನ್ನೇ ನೋಡುತ್ತ ನಿಂತಿತು. ಜಪಮಾಲೆಯ ತುದಿಯ ಶಿಲುಬೆಯನ್ನು ಹಿಡಿದು ಎಳೆಯಿತು, ಬಾಯಿಗೆ ಹಾಕಿಕೊಂಡಿತು. ಹಾಗೇ ನನ್ನ ಮಡಿಲಲ್ಲಿ ಕೂತಿತು. ನಾನು ಅಲುಗಾಡದೆ ಹೇಳುತ್ತ ಹೋದೆ. ಏಳನೆಯ ಮಣಿಗೆ ಅದರ ತಲೆ ನನ್ನ ಎದೆಗೆ ಒರಗಿತು. ಒಂಬತ್ತಕ್ಕೆ ನಿದ್ದೆ ಹೋಗಿತ್ತು.

ಹತ್ತಾಯಿತು. ನನ್ನ ಲೆಕ್ಕ ತಪ್ಪಿರಲಿಲ್ಲ, ನನ್ನ ಲೆಕ್ಕ ತಪ್ಪುವುದೇ ಇಲ್ಲ. ಆದರೆ ನಿಲ್ಲಿಸಿದರೆ ಮಗು ಏಳುತ್ತದೆ, ಅತ್ತಿಗೆ ಎತ್ತಿಕೊಳ್ಳುತ್ತಾಳೆ. ಹನ್ನೊಂದನೆಯದು ಹೇಳಿದೆ. ಉತ್ತರ ಬಂತು. ಹನ್ನೆರಡನೆಯದು ಹೇಳಿದೆ. ಉತ್ತರ ಬಂತು. ಆಮೇಲೆ ಎಣಿಸುವುದನ್ನೇ ಬಿಟ್ಟೆ. ಅಂಗುಸ್ತಾನ ಬೀಳುವುದಿದ್ದರೆ ಬೀಳಲಿ ಎಂದು ಹೇಳುತ್ತಲೇ ಹೋದೆ. ಅತ್ತಿಗೆ ನಾನು ಕಂಡವರಲ್ಲೆಲ್ಲ ಕಟ್ಟುನಿಟ್ಟಿನ ಹೆಂಗಸು, ಅಪ್ಪನಿಗಿಂತ ಒಂದು ಕೈ ಮೇಲು. ಮೇಲಾಗಿ ನನಗಿಂತ ಹಿರಿಯಳು. ಹತ್ತಾಯಿತು ಎಂದು ತಡೆಯುವ ಹಕ್ಕು ಅವಳಿಗಿತ್ತು. ತಡೆಯಲಿಲ್ಲ. ಮಲಗಿದ ಮಗುವನ್ನೇ ನೋಡುತ್ತ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಮಧ್ಯೆ ಒಮ್ಮೆ ಅವಳ ದನಿ ಒಡೆದು ನಿಂತಿತು, ಉಳಿದವರು ಮುಗಿಸಿದರು. ಮುಂದಿನದಕ್ಕೆ ಮತ್ತೆ ಅವಳ ದನಿ ಸೇರಿತು. ನಾನು ನಿಲ್ಲಿಸಿದ ಮೇಲೆ ಐದನೆಯ ಪಾಲನ್ನು ಅವಳೇ ಪಿಸುದನಿಯಲ್ಲಿ ನಡೆಸಿದಳು. ಎಲ್ಲ ಮುಗಿದ ಮೇಲೆ ಒಳಗಿನಿಂದ ಮಗುವಿನ ಪುಟ್ಟ ಕೌದಿ ತಂದು ನನ್ನ ಚಾಪೆಯ ಮೇಲೆ ಹಾಸಿದಳು.

"ಎಬ್ಬಿಸ್ಬೇಡ. ಇಲ್ಲೇ ಮಲಗ್ಲಿ" ಎಂದಳು.

ಬೆಳಿಗ್ಗೆ ಮಗುವಿನ ಬಟ್ಟೆಗಳನ್ನೆಲ್ಲ ಒಗೆದು ಮಡಿಸಿ ಗಂಟು ಕಟ್ಟಿದ್ದಳು. ಗಾಡಿ ಹೂಡಿದ ಮೇಲೆ ಮಗುವನ್ನು ಕೆಳಗಿಳಿಸಿ, "ಅತ್ತೆ ಹತ್ರ ಆಶೀರ್ವಾದ ಕೇಳು" ಎಂದಳು, ತನ್ನನ್ನೇ ತೋರಿಸಿಕೊಂಡು. ಮಗುವಿಗೆ ಆ ಅತ್ತೆ ಯಾರೆಂದು ತಿಳಿಯಲಿಲ್ಲ. ಹಿಂದುಮುಂದು ನೋಡಿ, ಕೊನೆಗೆ ಅವಳ ಮುಂದೆಯೇ ಕೈಮುಗಿಯಿತು. "ದೇವರು ಒಳ್ಳೇದು ಮಾಡ್ಲಿ" ಎಂದು ಅವಳು ಅದರ ತಲೆ ಮುಟ್ಟಿದಳು. ಗಾಡಿ ತಿರುವು ದಾಟುವವರೆಗೆ ಅಂಗಳದಲ್ಲೇ ನಿಂತಿದ್ದಳು. ಮಗು ಯಲ್ಲಾಪುರದವರೆಗೂ ಅತ್ತಿತು. ನಾನೂ ಅತ್ತೆ. ಇವರು ಇಬ್ಬರಿಗೂ ಸೇರಿಸಿ ಒಂದೇ ಟವೆಲು ಕೊಟ್ಟರು.

ಮಂಗಳವಾರ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಸಂತೆಗೆ ಹೋದೆ. ಇಡಗುಂದಿಯಲ್ಲಿ ಆದದ್ದನ್ನೆಲ್ಲ ಮಾಯಿಗೆ ಹೇಳಿ, "ಅವತ್ತು ನಿಂಗೆ ನಿಜವಾಗ್ಲೂ ಲೆಕ್ಕ ತಪ್ಪಿತ್ತಾ?" ಎಂದು ಕೇಳಿದೆ. "ತಪ್ಪಿತ್ತೆ ಮಾರಾಯ್ತಿ, ವಯಸ್ಸಾಯ್ತಲ್ಲ" ಎಂದು ನಿಟ್ಟುಸಿರು ಬಿಟ್ಟಳು. ಬಿಡುತ್ತಲೇ ನನ್ನ ಮುಖ ನೋಡಿಕೊಂಡೇ ಗಿರಾಕಿಗೆ ನೂರು ಬಂಗಡೆ ಎಣಿಸಿ ಎಸೆದಳು. ಒಂದೂ ತಪ್ಪಲಿಲ್ಲ. ನಾನು ಪಕ್ಕದಲ್ಲಿ ನಿಂತು ಎಣಿಸಿದ್ದೇನೆ.

ಮಾ​ಯಿ ಹೋಗಿ ಎಷ್ಟೋ ಕಾಲವಾಯಿತು. ಇಡಗುಂದಿಯ ಅತ್ತಿಗೆಯೂ ಹೋದಳು. ಮಗಳ ಮದುವೆಯಲ್ಲಿ ಅಬ್ಬೆಯ ಜಾಗದಲ್ಲಿ ನನ್ನ ಜೊತೆ ನಿಲ್ಲು ಎಂದು ಎಷ್ಟು ಕರೆದರೂ ಬಾರದೆ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಕೊಟ್ಟ ಮಗುವನ್ನು ಒಂದು ದಿನವೂ ತನ್ನದೆಂದು ಹೇಳಿಕೊಳ್ಳಲಿಲ್ಲ. ಈಗ ಸಂಜೆಯ ತೇರ್ಸಿನಲ್ಲಿ ನಾಲ್ಕನೆಯ ಪಾಲು ನನ್ನದೇ. ಮೊಮ್ಮಕ್ಕಳಿಗೆ ಆಟದ ಅವಸರ. "ಅಜ್ಜೀ, ಹತ್ತಾಯ್ತು!" ಎಂದು ಕೂಗುತ್ತಾರೆ. ಆಗಿರುವುದು ನನಗೆ ಗೊತ್ತಿಲ್ಲವೇ? ಸುಮ್ಮನೆ ಉತ್ತರ ಕೊಡ್ರೋ ಎಂದು ಗದರಿಸಿ ಇನ್ನೊಂದು ಹೇಳುತ್ತೇನೆ. ಅದು ಇಡಗುಂದಿಯವಳಿಗೆ.